ಮಣ್ಣಿಗೆ ಬಂದಿದ್ದೀನಿ

ಏಳೂ ಕಾಲಿಗೆ ದೊಡ್ಡಮ್ಮನ ಫೋನು.
ಮಣ್ಣಿಗೆ ಬಂದಿದ್ದೀನಿ, ಆಮೇಲೆ ಮಾಡ್ತೀನಿ ಅಂದೆ.
ಅಯ್ಯೋ, ಯಾರು ಹೋದರೇ? ಅಂದಳು.
ಯಾರೂ ಇಲ್ಲ ದೊಡ್ಡಮ್ಮ, ಇದು ಬರೀ ಮಣ್ಣು,
ಅರಸೀಕೆರೆ, ರೈಲು ಹಳಿಯ ಈಚೆ,
ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ
ಶೆಡ್ಡಿನ ಹಿಂದೆ.
ಏನಾದರಾಗಲಿ, ತಲೆಗೆ ನೀರು ಹಾಕ್ಕೊಂಡೇ ಒಳಗೆ ಹೋಗು,
ಬಟ್ಟೆ ಬೇರೆ ನೆನೆಸು, ಅಂತ ಇಟ್ಟಳು.
ನಮ್ಮ ಸುರಕ್ಷತಾ ಕೈಪಿಡಿಯ ಹನ್ನೊಂದನೇ ಪುಟವೂ
ಅದನ್ನೇ ಹೇಳುತ್ತದೆ.

ಇವತ್ತಿನ ಲೆಕ್ಕ: ಜೆಸಿಬಿ ಒಂದು, ಟಿಪ್ಪರ್ ನಾಲ್ಕು,
ಬಂದದ್ದು ಮೂರು. ಲೋಕಪ್ಪನ ಗಾಡಿ ಬಾಣಾವರದಲ್ಲಿ ಪಂಕ್ಚರ್.
ಟಾರ್ಪಾಲು ಹತ್ತು, ಮುಖಗವಸು ಒಂದು ಡಬ್ಬ,
ನೀರಿನ ಟ್ಯಾಂಕರ್ ಒಂಬತ್ತಕ್ಕೆ ಅಂದದ್ದು ಹತ್ತೂವರೆಗೆ.
ಗಾಳಿ ತಿಪಟೂರಿನ ಕಡೆಯಿಂದ.
ಅಂದರೆ ಧೂಳು ಶಾಲೆಯ ಕಡೆಗೆ.
ಆಟದ ಬೆಲ್ಲಿಗೆ ಅಗೆತ ನಿಲ್ಲಬೇಕು,
ಮಕ್ಕಳು ಒಳಗೆ ಹೋದ ಬೆಲ್ಲಿಗೆ ಮತ್ತೆ ಶುರು.
ಮರುಳಸಿದ್ಧನಿಗೆ ಈಗ ಆ ಬೆಲ್
ನನಗಿಂತ ಮೊದಲೇ ಕೇಳಿಸುತ್ತದೆ.
ಬಕೆಟ್ಟು ಗಾಳಿಯಲ್ಲೇ ನಿಂತುಬಿಡುತ್ತದೆ,
ತುತ್ತು ಎತ್ತಿದವನನ್ನು ಬಾಗಿಲಲ್ಲಿ ಯಾರೋ ಕರೆದ ಹಾಗೆ.

ಸುಣ್ಣದ ಗೆರೆ ಎಳೆದ ಚೌಕ ನಲವತ್ತೆಂಟು.
ಅರ್ಧ ಅಡಿ, ಒಂದಡಿ, ಎರಡಡಿ:
ಚೌಕಕ್ಕೆ ಮೂರು ಚೀಲ, ಚೀಲಕ್ಕೊಂದು ಚೀಟಿ.
ಡೆನ್ಜಿಲ್ ಚೀಟಿ ಬರೆಯುವುದು ಸೀಸದ ಕಡ್ಡಿಯಲ್ಲಿ,
ಶಾಯಿಯಾದರೆ ಬೆವರಿಗೆ ಹರಡುತ್ತದೆ.
ಸೀಸದ ಕಡ್ಡಿಯಲ್ಲಿ ಸೀಸವಿಲ್ಲ.
ಸಣ್ಣತಾಯಮ್ಮನ ಕರಿಬೇವಿನಲ್ಲಿದೆ.

ಬೇಲಿಯಾಚೆ ದಿನಾ ಬಂದು ನಿಲ್ಲುವವನು ಗೌಸ್ ಪೀರ್,
ಹದಿನಾಲ್ಕು ವರ್ಷ ಇಲ್ಲಿ ಒಲೆ ಊದಿದವನು.
ಚಹಾ ಕೊಟ್ಟರೆ ಲೋಟವನ್ನು
ಎರಡೂ ಕೈಯಲ್ಲಿ ಹಿಡಿಯುತ್ತಾನೆ, ಆದರೂ ಚೆಲ್ಲುತ್ತದೆ.
ಅಲ್ಲಲ್ಲ ಮೇಡಂ, ಅಲ್ಲಿ,
ಆಸಿಡ್ ಸುರೀತಿದ್ದದ್ದು ಆ ಹೊಂಗೆ ಮರದ ಬುಡಕ್ಕೆ.
ನಕ್ಷೆಯಲ್ಲಿ ಆ ಮರವಿಲ್ಲ.
ನೆಲದ ಮೇಲೂ ಇಲ್ಲ.
ಅವನ ಬೆರಳು ನಡುಗಿದ ಕಡೆ ಯಂತ್ರ ಇಟ್ಟೆವು,
ಅಂಕಿ ಏರಿತು, ಏರಿತು,
ಡೆನ್ಜಿಲ್ ಒಮ್ಮೆ ಆರಿಸಿ ಮತ್ತೆ ಹಚ್ಚಿ ನೋಡಿದ.
ಚೌಕ ನಲವತ್ತೊಂಬತ್ತು ಅಂತ ಕೈಯಲ್ಲಿ ಬರೆದುಕೊಂಡೆ.

ಮೂವತ್ತೊಂದನೆಯದು ಸಣ್ಣತಾಯಮ್ಮನ ಹಿತ್ತಲು.
ಕರಿಬೇವಿನ ಗಿಡ ಕಿತ್ತಾಗ ಅವಳು ಅಳಲಿಲ್ಲ,
ಬುಡದಲ್ಲಿ ಬಟ್ಟೆ ಒಗೆಯುತ್ತಿದ್ದ ಕಲ್ಲನ್ನು
ತೊಳೆದು ಕೊಡಿ ಅಂದಳು, ಅಷ್ಟೇ.
ಆಮೇಲೆ ಟಿಪ್ಪರ್ ತುಂಬುವುದನ್ನು ನೋಡುತ್ತಾ ಕೇಳಿದಳು:
ಇದನ್ನ ಎಲ್ಲಿ ಹಾಕ್ತೀರವ್ವಾ?
ದೂರ. ಗುಂಡಿ ತೋಡಿ, ಅಡಿಗೆ ದಪ್ಪ ಹಾಳೆ ಹಾಸಿ,
ಮೇಲೂ ಹೊದಿಸಿ, ಸೋರದ ಹಾಗೆ...
ಅಲ್ಲಿ ಊರಿಲ್ವಾ?
ಇದೆ, ಎರಡು ಕಿಲೋಮೀಟರ್ ಆಚೆ.
ಯಾವೂರು?

ಸಾಗಣೆ ಚೀಟಿ ತೆಗೆದು ನೋಡಿದೆ.
ಬಿಳಿ, ಹಳದಿ, ಗುಲಾಬಿ, ಮೂರರಲ್ಲೂ ಒಂದೇ:
ವಿಲೇವಾರಿ ಘಟಕ, ಎರಡು.
ಏಳು ತಿಂಗಳಿಂದ ಇದಕ್ಕೆ ದಿನಾ ಸಹಿ ಹಾಕುತ್ತಿದ್ದೇನೆ.
ಅಷ್ಟರಲ್ಲಿ ಪಂಕ್ಚರ್ ಹಾಕಿಸಿಕೊಂಡು ಲೋಕಪ್ಪ ಬಂದ.
ಕೇಳಿದ್ದಕ್ಕೆ, ಊರ ಹೆಸರು ನಂಗೂ ಸರಿಯಾಗಿ ಗೊತ್ತಿಲ್ಲ ಮೇಡಂ,
ಆದರೆ ಅಲ್ಲೊಬ್ಬಳು ಅಜ್ಜಿ ಟೀ ಇಟ್ಟಿದ್ದಾಳೆ,
ಶುಂಠಿ ಜಜ್ಜಿ ಹಾಕ್ತಾಳೆ, ಬಾಳ ಚೆನ್ನಾಗಿರ್ತದೆ ಅಂದ.
ಸಣ್ಣತಾಯಮ್ಮ ತಲೆಯಾಡಿಸಿದಳು,
ಯಾರದೋ ಕ್ಷೇಮ ಕೇಳಿಸಿಕೊಂಡವಳ ಹಾಗೆ.

ಸಂಜೆಗೆ ಕೆರೆಯ ಹೊಸ ಮಣ್ಣು ಬಂತು, ಕೆಂಪಗೆ.
ಹಿತ್ತಲಿನ ಹೊಂಡದಲ್ಲಿ ಸುರಿದಾಗ
ಅವಳು ಒಂದು ಚಿಟಿಕೆ ತೆಗೆದು ಮೂಸಿ
ಬಾಯಿಗೆ ಒಯ್ದಳು.
ನಾನು ಓಡಿಹೋಗಿ ಕೈ ಹಿಡಿದೆ.
ಹಿಡಿದ ಮೇಲೆ ನೆನಪಾಯಿತು,
ಇದಕ್ಕೆ ಏನೂ ಆಗಿಲ್ಲ.

ಹಾಸನಕ್ಕೆ ಬಂದು ಮುಟ್ಟಿದಾಗ ಒಂಬತ್ತು.
ಬೂಟು ಹೊರಗೆ, ಬಟ್ಟೆ ಬಕೀಟಿಗೆ,
ತಲೆಗೆ ಮೂರು ಸಲ ನೀರು.
ಉಗುರಿನ ಸಂದಿಯದು ಮಾತ್ರ ಹೋಗಲಿಲ್ಲ.
ಮತ್ತೆ ದೊಡ್ಡಮ್ಮ:
ಮುಗೀತೇನೇ, ಮಣ್ಣು?
ಇಲ್ಲ. ಇನ್ನೂ ಹದಿನೆಂಟು ಚೌಕ ಇದೆ.